ತದ್ರೂಪಿ ಕರುವಿನ ಸುದ್ದಿಯಲ್ಲಿ ಬಿಟ್ಟುಹೋಗುವ ಲೆಕ್ಕ

ಸಂಪಾದಕರಿಗೆ,

ಮಾನ್ಯರೆ,

ಕ್ಲೋನಿಂಗ್ (ಒಂದು ಜೀವಿಯ ಕೋಶದಿಂದ ಅದರದೇ ನಕಲು, ಅಂದರೆ ತದ್ರೂಪಿ, ಹುಟ್ಟಿಸುವುದು) ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನೂ ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಓದಿದೆವು. ಒಂದು ಕಡೆಯವರಿಗೆ ನಾಳೆ ಬೆಳಗಾಗುವುದರೊಳಗೆ ಸರ್ವಾಧಿಕಾರಿಗಳ ನಕಲು ಹುಟ್ಟಿಬಿಡುತ್ತದೆಂಬ ಭಯ. ಇನ್ನೊಂದು ಕಡೆಯವರಿಗೆ ಮನೆಮನೆಗೂ ಇಪ್ಪತ್ತು ಲೀಟರಿನ ಎಮ್ಮೆ ಬಂದೇಬಿಟ್ಟಿತೆಂಬ ಹಿಗ್ಗು. ನಮ್ಮಲ್ಲೊಬ್ಬರು ದನ-ಎಮ್ಮೆಗಳ ಬಸಿರು ಬಾಣಂತನ ನೋಡುವ ಪಶುವೈದ್ಯರು, ಇನ್ನೊಬ್ಬರು ಭ್ರೂಣದ ಲ್ಯಾಬಿನವರು. ನಮ್ಮ ತಕರಾರು ಈ ಭಯದ ಮೇಲೂ ಅಲ್ಲ, ಹಿಗ್ಗಿನ ಮೇಲೂ ಅಲ್ಲ. ಬರಹದಲ್ಲಿ, ಬೆಳೆದ ಪ್ರಾಣಿಯ ಕೋಶದಿಂದ ಹುಟ್ಟಿದ ಮೊದಲ ತದ್ರೂಪಿ ಸಸ್ತನಿಯಾದ ಡಾಲಿ ಕುರಿಯ ಫೋಟೊ ಇತ್ತು, ಹುಟ್ಟಿದ ತಾರೀಕಿತ್ತು. ಅದು ಹುಟ್ಟಲು ಏನೇನು ಖರ್ಚಾಯಿತೆಂಬ ಲೆಕ್ಕ ಇರಲಿಲ್ಲ.

ಆ ಲೆಕ್ಕ ಹೀಗಿದೆ. ಎಡಿನ್‌ಬರೋ ಹತ್ತಿರದ ರಾಸ್ಲಿನ್ ಸಂಸ್ಥೆಯಲ್ಲಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತವರ ತಂಡ ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶಗಳನ್ನು ಸ್ವಂತ ವರ್ಣತಂತು ತೆಗೆದುಹಾಕಿದ 277 ಅಂಡಾಣುಗಳಿಗೆ ಬೆಸೆದರು. ಗರ್ಭಕ್ಕೆ ಹಾಕುವಷ್ಟು ಬೆಳೆದ ಭ್ರೂಣ 29. ಅವನ್ನು 13 ಕುರಿಗಳಿಗೆ ಹಂಚಿ ಹಾಕಿದರು. 1996ರ ಜುಲೈ 5ರಂದು ಹುಟ್ಟಿದ ಮರಿ ಒಂದೇ ಒಂದು. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸ್ನಪ್ಪಿ ಎಂಬ ಮೊದಲ ತದ್ರೂಪಿ ನಾಯಿ ಹುಟ್ಟಿದಾಗ 1,095 ಭ್ರೂಣಗಳನ್ನು 123 ಹೆಣ್ಣುನಾಯಿಗಳಿಗೆ ಹಾಕಿದ್ದರು. ಮೂರು ಗಬ್ಬ ನಿಂತವು, ಎರಡು ಮರಿ ಹುಟ್ಟಿದವು, ಒಂದು ಮೂರು ವಾರದಲ್ಲಿ ನ್ಯುಮೋನಿಯಾದಿಂದ ಸತ್ತಿತು. ಶಾಂಘೈಯ ತದ್ರೂಪಿ ಮಂಗಗಳ ಸುದ್ದಿ 2018ರ ಜನವರಿಯಲ್ಲಿ ಬಂತಲ್ಲ, ಅಲ್ಲಿ 79 ಭ್ರೂಣ, 21 ಬಾಡಿಗೆ ತಾಯಂದಿರು, ಆರು ಬಸಿರು, ಉಳಿದ ಮರಿ ಎರಡು. ಅದೂ ಬೆಳೆದ ಪ್ರಾಣಿಯ ಕೋಶದಿಂದಲ್ಲ, ಭ್ರೂಣದ ಚರ್ಮದ ಕೋಶದಿಂದ.

ಇಷ್ಟೊಂದು ಯಾಕೆ ಹಾಳಾಗುತ್ತದೆ ಎಂಬುದು ಕೆಲಸದ ಕ್ರಮ ನೋಡಿದರೆ ತಿಳಿಯುತ್ತದೆ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಎಮ್ಮೆಗೆ ಬಳಸಿದ್ದು ಕೈಯಲ್ಲೇ ಅಂಡಾಣು ಕತ್ತರಿಸುವ ವಿಧಾನ. ಲಕ್ಷಗಟ್ಟಲೆ ಬೆಲೆಯ ಸೂಕ್ಷ್ಮ ಸೂಜಿಯ ಯಂತ್ರ ಇದಕ್ಕೆ ಬೇಡ, ಆದರೆ ನುರಿತ ಕೈ ಬೇಕೇ ಬೇಕು. ಮೊದಲು ಯಾವ ಎಮ್ಮೆಯ ನಕಲು ಬೇಕೋ ಅದರ ಕಿವಿಯಿಂದಲೋ ಬಾಲದ ಅಡಿಯಿಂದಲೋ ಕಾಳಿನಷ್ಟು ಚರ್ಮ ತೆಗೆದು ಕೋಶ ಬೆಳೆಸುತ್ತಾರೆ. ತಟ್ಟೆ ತುಂಬಿ ಜಾಗವಿಲ್ಲದಾದಾಗ ಅಥವಾ ಸೀರಮ್ (ಕೋಶಕ್ಕೆ ಪೋಷಣೆ ಕೊಡುವ ರಕ್ತದ ತಿಳಿ) ಕಡಿಮೆ ಮಾಡಿದಾಗ ಕೋಶ ವಿಭಜನೆ ನಿಲ್ಲಿಸಿ ಸುಮ್ಮನಾಗುತ್ತದೆ. ಆ ಹೊತ್ತಿನ ಕೋಶವೇ ಬೇಕು. ಇನ್ನೊಂದು ಕಡೆ ಕಸಾಯಿಖಾನೆಯಿಂದ ಅಂಡಾಶಯಗಳನ್ನು ಆಂಟಿಬಯಾಟಿಕ್ ಬೆರೆಸಿದ ಬೆಚ್ಚಗಿನ ಉಪ್ಪುನೀರಿನಲ್ಲಿ ಥರ್ಮಾಸಿನಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಲ್ಯಾಬಿಗೆ ತರಬೇಕು. 2ರಿಂದ 8 ಮಿಲಿಮೀಟರಿನ ಗುಳ್ಳೆಗಳಿಗೆ 18 ಗೇಜಿನ ಸೂಜಿ ಹಾಕಿ ಅಂಡಾಣು ಹೀರುತ್ತಾರೆ. ಎಮ್ಮೆಯ ವಿಷಯದಲ್ಲಿ ಮೊದಲ ಪೆಟ್ಟು ಇಲ್ಲೇ ಬೀಳುತ್ತದೆ. ಹಸುವಿಗೆ ಹೋಲಿಸಿದರೆ ಎಮ್ಮೆಯ ಅಂಡಾಶಯದಲ್ಲಿ ಗುಳ್ಳೆಗಳೇ ಕಡಿಮೆ. ಕೆಲಸಕ್ಕೆ ಬರುವ ಅಂಡಾಣು ಒಂದೊಂದರಲ್ಲಿ ಎರಡೋ ಮೂರೋ ಸಿಕ್ಕರೆ ಪುಣ್ಯ.

ಅಂಡಾಣುಗಳನ್ನು 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಒಂದು ದಿನ ಮಾಗಿಸುತ್ತಾರೆ. ಆಮೇಲೆ ಪ್ರೊನೇಸ್ ಎಂಬ ಕಿಣ್ವದಲ್ಲಿ ಕೆಲವು ನಿಮಿಷ ಬಿಟ್ಟರೆ ಹೊರಚಿಪ್ಪು ಕರಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಅಂಡಾಣುವೇ ಒಡೆಯುತ್ತದೆ, ಕಡಿಮೆ ಬಿಟ್ಟರೆ ಚಿಪ್ಪು ಬ್ಲೇಡಿಗೆ ಅಂಟಿಕೊಳ್ಳುತ್ತದೆ. ಸರಿಯಾಗಿ ಮಾಗಿದ ಅಂಡಾಣುವಿನ ಒಂದು ಬದಿಯಲ್ಲಿ ಸಣ್ಣ ಉಬ್ಬು ಕಾಣುತ್ತದೆ, ವರ್ಣತಂತು ಇರುವುದು ಅದರೊಳಗೆ. ಸೂಕ್ಷ್ಮದರ್ಶಕದ ಕೆಳಗೆ ಕೈಯಲ್ಲಿ ಬ್ಲೇಡ್ ಹಿಡಿದು ಆ ಉಬ್ಬನ್ನಷ್ಟೇ ಕೊಯ್ದು ತೆಗೆಯಬೇಕು. ಬ್ಲೇಡು ಒಳಗೆ ಬಂದಷ್ಟೂ ರಸ ಸೋರಿಹೋಗುತ್ತದೆ. ಹೊರಗೇ ನಿಂತರೆ ಅಂಡಾಣುವಿನ ಸ್ವಂತ ಡಿಎನ್‌ಎ ಒಳಗುಳಿದು ಮುಂದಿನದೆಲ್ಲ ವ್ಯರ್ಥ. ಕಳೆದುಹೋದ ರಸ ತುಂಬಿಕೊಡಲೆಂದು ಹೀಗೆ ಖಾಲಿ ಮಾಡಿದ ಎರಡು ಅಂಡಾಣುಗಳ ನಡುವೆ ಒಂದು ಚರ್ಮದ ಕೋಶ ಇಟ್ಟು, ವಿದ್ಯುತ್ ಮಿಡಿತ ಕೊಟ್ಟು ಮೂರನ್ನೂ ಒಂದು ಮಾಡುತ್ತಾರೆ. ಅಂದರೆ ಒಂದು ಭ್ರೂಣಕ್ಕೆ ಎರಡು ಅಂಡಾಣು. ಬಳಿಕ ರಾಸಾಯನಿಕದಿಂದ ಚುರುಕುಗೊಳಿಸಿ ಏಳೆಂಟು ದಿನ ಬೆಳೆಸಬೇಕು. ಚಿಪ್ಪಿಲ್ಲದ ಭ್ರೂಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಒಂದೊಂದಕ್ಕೂ ಬೇರೆ ಗುಣಿ. ಬದುಕಿದವನ್ನು ಅದೇ ವಾರ ಬೆದೆ ಮುಗಿಸಿದ ಎಮ್ಮೆಯ ಗರ್ಭಕ್ಕೆ ಹಾಕುತ್ತಾರೆ. ಎಮ್ಮೆಗೆ ಬೆದೆ ಬಂದದ್ದೇ ಎಷ್ಟೋ ಸಲ ಗೊತ್ತಾಗುವುದಿಲ್ಲ, ಅದು ಇನ್ನೊಂದು ಗೋಳು.

ಇಷ್ಟೆಲ್ಲ ಸರಿಹೋದರೂ ದೊಡ್ಡ ಕಂಟಕ ಕೈಗೆ ಸಿಗದ ಜಾಗದಲ್ಲಿದೆ. ಚರ್ಮದ ಕೋಶದಲ್ಲಿ ಚರ್ಮಕ್ಕೆ ಬೇಡದ ಜೀನ್‌ಗಳೆಲ್ಲ ರಾಸಾಯನಿಕ ಗುರುತು ಬಿದ್ದು ಮುಚ್ಚಿಹೋಗಿರುತ್ತವೆ. ಹೊಸ ಜೀವ ಶುರುವಾಗಬೇಕಾದರೆ ಅವನ್ನೆಲ್ಲ ತೆರೆಯಬೇಕು, ತೆರೆದಿರುವ ಕೆಲವನ್ನು ಮುಚ್ಚಬೇಕು. ಅಂಡಾಣು ಈ ಕೆಲಸವನ್ನು ಅವಸರದಲ್ಲಿ ಮಾಡಿ ಮುಗಿಸಬೇಕು. ಅರ್ಧಂಬರ್ಧ ಆದರೆ ಮೊದಲು ಕೆಡುವುದು ಮಾಸು. ಗರ್ಭಕೋಶವನ್ನೂ ಮಾಸನ್ನೂ ಕೂಡಿಸುವ ಗಂಟುಗಳು ಎಣಿಕೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ಊದಿಕೊಳ್ಳುತ್ತವೆ, ನೀರು ತುಂಬಿ ತಾಯಿಯ ಹೊಟ್ಟೆ ಬಿಗಿಯುತ್ತದೆ. ಎಷ್ಟೋ ಬಸಿರು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ; ಕೆಲವು ತಿಂಗಳು ತುಂಬುವ ಹೊತ್ತಿಗೆ ಕಂದು ಹಾಕುತ್ತವೆ. ಕರು ಮಿತಿಮೀರಿ ದಪ್ಪವಾಗಿರಬಹುದು. ಎಷ್ಟೋ ಸಲ ದಿನ ತುಂಬಿದರೂ ನೋವು ಬರುವುದಿಲ್ಲ, ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ. ಹುಟ್ಟಿದ ಕೆಲವು ಕರುಗಳ ಶ್ವಾಸಕೋಶ ಬಲಿತಿರುವುದಿಲ್ಲ. ಕರ್ನಾಲಿನಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಗರು ಒಂದು ವಾರವೂ ಬದುಕಲಿಲ್ಲ. ಅದೇ ವರ್ಷ ಜೂನಿನಲ್ಲಿ ಹುಟ್ಟಿದ್ದು ಗರಿಮಾ. 2010ರ ಆಗಸ್ಟಿನಲ್ಲಿ ಹುಟ್ಟಿದ ಎರಡನೇ ಗರಿಮಾ 2013ರಲ್ಲಿ ಸಹಜವಾಗಿ ಮಹಿಮಾ ಎಂಬ ಕರು ಹಾಕಿತು.

ಹಾಗೆಂದು ಕ್ಲೋನ್ ಆಗಿ ಹುಟ್ಟಿದ್ದೆಲ್ಲ ರೋಗಿಷ್ಟ, ಬೇಗ ಮುದಿಯಾಗುತ್ತದೆ ಎಂಬ ಮಾತೂ ನಿಜವಲ್ಲ. ಡಾಲಿ 2003ರ ಫೆಬ್ರವರಿಯಲ್ಲಿ ಆರೂವರೆ ವರ್ಷಕ್ಕೆ ಸತ್ತದ್ದು ಮುಪ್ಪಿನಿಂದಲ್ಲ, ಕುರಿಗಳಿಗೆ ವೈರಸ್‌ನಿಂದ ಬರುವ ಶ್ವಾಸಕೋಶದ ಗಡ್ಡೆಯಿಂದ. ಡಾಲಿ ಹುಟ್ಟಿದ ಅದೇ ಕೋಶಸಾಲಿನಿಂದ (ಲ್ಯಾಬಿನಲ್ಲಿ ಬೆಳೆಸಿ ಉಳಿಸಿಕೊಂಡ ಕೋಶಗಳಿಂದ) ಹುಟ್ಟಿದ ನಾಲ್ಕು ಕುರಿಗಳನ್ನು ನಾಟಿಂಗ್‌ಹ್ಯಾಮ್‌ನಲ್ಲಿ ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟರು. ವಯಸ್ಸಿಗೆ ತಕ್ಕಂತೆ ಅವು ಚೆನ್ನಾಗಿಯೇ ಇದ್ದವು. ದಾಟಿ ಬಂದದ್ದು ಗಟ್ಟಿ. ದಾಟುವ ದಾರಿಯಲ್ಲೇ ಸಾವು, ಅದರ ನೋವು ಬೀಳುವುದು ಬಾಡಿಗೆ ತಾಯಿಯ ಮೈಮೇಲೆ. ಕ್ಲೋನಿಂಗಿನ ನೀತಿಯ ಪ್ರಶ್ನೆ ನಮಗೆ ಮೊದಲು ಕಾಣುವುದು ಅಲ್ಲಿ. ‘ದೇವರ ಕೆಲಸಕ್ಕೆ ಕೈ ಹಾಕಬಹುದೇ’ ಎಂಬಲ್ಲಿ ಅಲ್ಲ. ಆದ್ದರಿಂದ ಇಂಥ ಸುದ್ದಿ ಬಂದಾಗಲೆಲ್ಲ ತಮ್ಮ ವರದಿಗಾರರು ಕರುವಿನ ಹೆಸರಿನ ಜತೆಗೆ ಇಷ್ಟು ಕೇಳಿ ಬರೆಯಲಿ: ಎಷ್ಟು ಭ್ರೂಣ ಹಾಕಿದರು, ಎಷ್ಟು ಗಬ್ಬ ನಿಂತಿತು, ಎಷ್ಟು ಕಂದು ಹಾಕಿದವು, ತಾಯಿ ಎಮ್ಮೆಗಳು ಏನಾದವು, ಮೂರು ತಿಂಗಳ ಮೇಲೆ ಕರು ಬದುಕಿತ್ತೇ.

ಲಾಭದ ಕಡೆಗೆ ಬರೋಣ. ಇಪ್ಪತ್ತು ಲೀಟರ್ ಕರೆದ ಎಮ್ಮೆಯ ತದ್ರೂಪಿ ಇಪ್ಪತ್ತು ಲೀಟರ್ ಕೊಡುತ್ತದೆಂಬ ಖಾತರಿ ಇಲ್ಲ. ಒಂದೇ ಹಿಂಡಿನಲ್ಲಿ ಎಮ್ಮೆಗೂ ಎಮ್ಮೆಗೂ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಇಳಿಯುವಂಥದು. ಉಳಿದದ್ದರಲ್ಲಿ ಬಹುಪಾಲು ಮೇವು, ನೀರು, ಸೆಕೆ, ಕೊಟ್ಟಿಗೆ, ಕರೆಯುವವನ ಕೈ. ನಕಲು ಪೂರ್ತಿ ನಕಲೂ ಅಲ್ಲ. 2023ರ ಮಾರ್ಚ್ 16ರಂದು ಕರ್ನಾಲಿನಲ್ಲಿ ಹುಟ್ಟಿದ ಗಂಗಾ ಎಂಬ ಗಿರ್ ಕರುವಿನ ಚರ್ಮದ ಕೋಶ ಗಿರ್ ಹಸುವಿನದು, ಅಂಡಾಣು ಸಾಹಿವಾಲ್ ಹಸುವಿನದು. ಅಂಡಾಣುವಿನ ಮೈಟೊಕಾಂಡ್ರಿಯಾದ ಡಿಎನ್‌ಎ ಸಾಹಿವಾಲಿನದೇ. ಆ ಅಂಡಾಣು ತೆಗೆದದ್ದು ಮಾತ್ರ ಕಸಾಯಿಖಾನೆಯಿಂದಲ್ಲ. ಬದುಕಿರುವ ಹಸುವಿನಿಂದ, ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ. ಇದು ನಿಜವಾದ ಮುನ್ನಡೆ. ಅದಕ್ಕೇಕೋ ಅಷ್ಟು ಪ್ರಚಾರ ಸಿಗಲಿಲ್ಲ.

ನಮ್ಮ ಕಣ್ಣಿಗೆ ದಿಟವಾದ ಲಾಭ ಕಾಣುವುದು ಕೋಣದಲ್ಲಿ. ವೀರ್ಯದ ಒಂದು ಸ್ಟ್ರಾ ಎಂದರೆ 0.25 ಮಿಲಿಲೀಟರ್, ಅದರಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡಬಹುದು. ಒಳ್ಳೆಯ ಕೋಣವೊಂದು ವರ್ಷಕ್ಕೆ ಸಾವಿರಾರು ಸ್ಟ್ರಾ ಕೊಡುತ್ತದೆ. ಅದರ ಹೆಣ್ಣುಕರುಗಳು ಬೆಳೆದು, ಈದು, ಹಾಲು ಕೊಟ್ಟು ‘ಇದರಪ್ಪ ಒಳ್ಳೆಯದು’ ಎಂದು ಸಾಬೀತಾಗುವ ಹೊತ್ತಿಗೆ ಕೋಣ ಮುದಿಯಾಗಿರುತ್ತದೆ ಅಥವಾ ಸತ್ತಿರುತ್ತದೆ. ಮೊದಲೇ ಶೇಖರಿಸಿಟ್ಟ ಅದರ ಚರ್ಮದ ಕೋಶದಿಂದ ತದ್ರೂಪಿ ಮಾಡಿದರೆ ಮತ್ತೆ ವೀರ್ಯ ಸಿಗುತ್ತದೆ. ಹಿಸಾರಿನ ಎಮ್ಮೆ ಸಂಶೋಧನಾ ಕೇಂದ್ರದಲ್ಲಿ 2015ರ ಡಿಸೆಂಬರಿನಲ್ಲಿ ಹುಟ್ಟಿದ ಹಿಸಾರ್ ಗೌರವ್ ಇಂಥ ಪ್ರಯತ್ನ. ತದ್ರೂಪಿಯಲ್ಲಿ ಉಳಿದುಹೋದ ರಾಸಾಯನಿಕ ಗುರುತಿನ ದೋಷ ವೀರ್ಯ ತಯಾರಾಗುವಾಗ ಅಳಿಸಿಹೋಗುವುದರಿಂದ ಅದರ ಕರುಗಳು ಮಾಮೂಲಿನಂತೆ ಹುಟ್ಟುತ್ತವೆ. ಆದರೂ ತದ್ರೂಪಿ ಕೋಣ ನಿನ್ನೆಯ ಕೋಣವೇ. ತಳಿ ಅಭಿವೃದ್ಧಿ ಸರಿಯಾಗಿ ನಡೆಯುತ್ತಿದ್ದರೆ ಅದರ ಮಗ, ಮೊಮ್ಮಗ ಅದನ್ನು ಮೀರಿಸಬೇಕು. ಒಂದೇ ಕೋಣದ ನಕಲುಗಳನ್ನು ಊರೂರಿಗೆ ಬಿಟ್ಟರೆ ನಾಲ್ಕೈದು ಪೀಳಿಗೆಯಲ್ಲಿ ರಕ್ತಸಂಬಂಧ ಒತ್ತೊತ್ತಾಗಿ ಗಬ್ಬ ನಿಲ್ಲುವುದೇ ಕಷ್ಟವಾಗುತ್ತದೆ.

ಈಗ ಮುಂಬಯಿಯ ಓದುಗರು ತಮ್ಮ ಅಂಗಳದತ್ತಲೇ ನೋಡಲಿ. ಗೋರೆಗಾಂವ್, ಜೋಗೇಶ್ವರಿ, ಆರೆ ಕಾಲನಿಯ ತಬೇಲಾಗಳಿಗೆ (ಹಾಲಿನ ಎಮ್ಮೆಗಳ ಕೊಟ್ಟಿಗೆಗಳಿಗೆ) ಹರಿಯಾಣದ ಮುರ್ರಾ, ಗುಜರಾತಿನ ಜಾಫರಾಬಾದಿ, ಮೆಹ್ಸಾಣಾ ಎಮ್ಮೆಗಳು ಬರುತ್ತವೆ. ಬರುವುದು ಹೊಸದಾಗಿ ಈದವು, ಎರಡನೇ ಮೂರನೇ ಸೂಲಿನವು, ಆರಿಸಿ ತಂದವು. ಕಡಿಮೆ ಹಾಲಿನದಕ್ಕೆ ಲಾರಿ ಬಾಡಿಗೆ ಹುಟ್ಟುವುದಿಲ್ಲ. ಕೋಣಗರುವಿಗೆ ಹಾಲು ಬಿಡುವವರಿಲ್ಲ, ಅದು ಬೇಗ ಸಾಯುತ್ತದೆ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ‘ಖಲ್‌ಬಚ್ಚಾ’ ಮಾಡಿ ತಾಯಿಯ ಮುಂದೆ ನಿಲ್ಲಿಸುವುದೂ ಉಂಟು; ಎಮ್ಮೆ ಅದನ್ನು ನೆಕ್ಕುತ್ತ ತೊರೆ ಬಿಡುತ್ತದೆ. ಅದೂ ನಡೆಯದಿದ್ದರೆ ಆಕ್ಸಿಟೋಸಿನ್ ಚುಚ್ಚುಮದ್ದು. ಎಂಟು ಹತ್ತು ತಿಂಗಳಲ್ಲಿ ಹಾಲು ಬತ್ತುತ್ತದೆ. ಬತ್ತಿದ ಎಮ್ಮೆಗೆ ಮುಂಬಯಿಯ ದರದಲ್ಲಿ ಮೇವು ಹಾಕಿ, ಗಬ್ಬ ಕಟ್ಟಿಸಿ, ಮುಂದಿನ ಸೂಲಿನವರೆಗೆ ಕಾಯುವುದು ತಬೇಲಾದವನ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಕೆಲವು ಊರಿಗೆ ಮರಳುತ್ತವೆ, ಬಹಳಷ್ಟು ಕಸಾಯಿಖಾನೆಗೆ.

ಒಂದು ಕಡೆ ಉತ್ತಮ ಮುರ್ರಾ ಎಮ್ಮೆಯೊಂದನ್ನು ನಕಲು ಮಾಡಲು ಸರ್ಕಾರದ ಹಣ, ವಿಜ್ಞಾನಿಗಳ ವರ್ಷಗಳು. ಇನ್ನೊಂದು ಕಡೆ ಅದೇ ದರ್ಜೆಯ ಎಮ್ಮೆಗಳು ಹೊಸ ಕರುವಿಲ್ಲದೆ ಮುಗಿದುಹೋಗುತ್ತವೆ. ಈದ ಎರಡು ಮೂರು ತಿಂಗಳಿಗೆ ಒಂದು ಸ್ಟ್ರಾ ಹಾಕಿಸಿ, ಬತ್ತಿದ ಮೇಲೆ ಘಟ್ಟದಾಚೆಯ ಹಳ್ಳಿಯಲ್ಲಿ ಸಾಕುವ ವ್ಯವಸ್ಥೆಗೆ ಕೂಲಿ ಕೊಟ್ಟರೆ ಕ್ಲೋನಿಂಗಿನ ಒಂದು ಪಾಲು ಖರ್ಚಿನಲ್ಲಿ ಎಷ್ಟೋ ಕರು ಉಳಿಯುತ್ತವೆ. ಅದೂ ಆಗದಿದ್ದರೆ, ಮಾರುವ ಮೊದಲು ಅಲ್ಟ್ರಾಸೌಂಡ್ ಸೂಜಿಯಿಂದ ಅಂಡಾಣುಗಳನ್ನಾದರೂ ತೆಗೆದು ಒಳ್ಳೆಯ ಕೋಣದ ವೀರ್ಯಕ್ಕೆ ಕೂಡಿಸಬಹುದು. ಮನೆಬಾಗಿಲಿಗೆ ಹೋಗಿ ಸ್ಟ್ರಾ ಹಾಕುವ ಕೆಲಸವನ್ನು ಪುಣೆ ಹತ್ತಿರದ ಉರಳಿಕಾಂಚನದ ಬಾಯ್ಫ್ ಸಂಸ್ಥೆ ದಶಕಗಳಿಂದ ಮಾಡುತ್ತ ಬಂದಿದೆ, ಗೊತ್ತಿಲ್ಲದ ವಿದ್ಯೆ ಏನಲ್ಲ. ತದ್ರೂಪಿ ಕರುವಿಗೆ ಹೆಸರಿಟ್ಟು ಫೋಟೊ ತೆಗೆಸುವ ಮಂತ್ರಿಗಳು ಒಮ್ಮೆ ತಬೇಲಾ ನೋಡಿ ಬರಲಿ.

ಗಿಡಗಳ ಕ್ಲೋನಿಂಗ್ ಬಗ್ಗೆ ಯಾವ ಪತ್ರದಲ್ಲೂ ಚಕಾರವಿಲ್ಲ. ಕಸಿ ಕಟ್ಟಿದ ರತ್ನಾಗಿರಿಯ ಆಪೂಸು, ಗೋವೆಯ ಮಾನಕುರಾದ್, ನಾಸಿಕದ ದ್ರಾಕ್ಷಿ, ಬಾಳೆ, ಕಬ್ಬು ಎಲ್ಲವೂ ತದ್ರೂಪಿಗಳೇ, ಮತ್ತು ಇವುಗಳ ಅಪಾಯ ಕಲ್ಪನೆಯದಲ್ಲ. ಉತ್ತರಪ್ರದೇಶದಲ್ಲಿ ಕೋ 0238 ಎಂಬ ಒಂದೇ ಕಬ್ಬು ಹೊಲಹೊಲಕ್ಕೂ ಹಬ್ಬಿ ಸಕ್ಕರೆ ಇಳುವರಿ ಏರಿಸಿತು, ಆಮೇಲೆ ಕೆಂಪು ಕೊಳೆ ರೋಗ ಬಂದು ಒಂದರಂತೆ ಇನ್ನೊಂದು ಬಿತ್ತು. ಮಹಾರಾಷ್ಟ್ರ, ಕರ್ನಾಟಕದ ರೈತರು ಕೋ 86032ರ ಮೇಲೆ ಇಟ್ಟ ಭಾರವನ್ನು ನೋಡಿದರೆ ಇದು ದೂರದ ಸುದ್ದಿಯಲ್ಲ. ಬಾಳೆಯಲ್ಲಿ ಗ್ರೋ ಮಿಷೆಲ್ ತಳಿ ಪನಾಮಾ ರೋಗಕ್ಕೆ ತುತ್ತಾಗಿ 1950-60ರ ದಶಕಗಳಲ್ಲಿ ರಫ್ತು ಮಾರುಕಟ್ಟೆಯಿಂದಲೇ ಮರೆಯಾಯಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್‌ಗೆ ಅದೇ ರೋಗದ ಹೊಸ ರೂಪ ಈಗ ಭಾರತದಲ್ಲೂ ಕಾಣಿಸಿದೆ.

ಸಾಕುನಾಯಿಯ ತದ್ರೂಪಿ ಬೇಕೆಂದು ವಿಚಾರಿಸುವವರಿಗೆ ಎರಡೇ ಮಾತು. ವಿದೇಶಿ ಕಂಪನಿಗಳ ದರ ಸುಮಾರು 50,000 ಡಾಲರ್. ಬಣ್ಣ, ಸ್ವಭಾವ ಒಂದೇ ಆಗಿರುತ್ತದೆಂಬ ಭರವಸೆ ಇಲ್ಲ. 2001ರಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿಗೆ ಮೂಲಬೆಕ್ಕಿನ ಕಿತ್ತಳೆ ಬಣ್ಣವೇ ಬರಲಿಲ್ಲ. ನಿಮ್ಮ ಒಂದು ನಾಯಿಗಾಗಿ ಹೆಸರಿಲ್ಲದ ಎಷ್ಟು ಹೆಣ್ಣುನಾಯಿಗಳ ಹೊಟ್ಟೆ ಕೊಯ್ದರೆಂದು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಮನುಷ್ಯರ ವಿಷಯ. ‘ಪ್ರನಾಳ ಶಿಶುವಿಗೂ ಆಗ ಹೀಗೇ ಹೆದರಿದ್ದರು’ ಎಂದು ಓದುಗರೊಬ್ಬರು ಬರೆದಿದ್ದಾರೆ. 1986ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಹುಟ್ಟಿದ ಮಗುವಿನಲ್ಲಿ ಅಂಡಾಣುವೂ ವೀರ್ಯಾಣುವೂ ಪ್ರಕೃತಿಯೇ ಸಿದ್ಧಮಾಡಿ ಕೊಟ್ಟವು. ಅವು ಕೂಡುವ ಜಾಗ ಮಾತ್ರ ಬದಲಾಗಿತ್ತು. ಕ್ಲೋನಿಂಗಿನಲ್ಲಿ ಆ ಸಿದ್ಧತೆಯೇ ಇರುವುದಿಲ್ಲ. ಹೋಲಿಕೆ ನಿಲ್ಲುವುದಿಲ್ಲ.

ಡಾಲಿಯ ಲೆಕ್ಕವನ್ನು ನಮ್ಮ ಕಾನೂನಿಗೆ ಹಚ್ಚಿ ನೋಡಿ. 2021ರ ಎಆರ್‌ಟಿ (ಪ್ರನಾಳ ಶಿಶುವಿನಂಥ ನೆರವಿನ ಸಂತಾನೋತ್ಪತ್ತಿಯ) ಕಾಯ್ದೆಯ ಪ್ರಕಾರ ಅಂಡಾಣು ದಾನಿ 23ರಿಂದ 35 ವರ್ಷದವಳಿರಬೇಕು, ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. 277 ಅಂಡಾಣು ಬೇಕೆಂದರೆ 40 ಹೆಂಗಸರು. ಒಬ್ಬೊಬ್ಬರಿಗೂ ಹತ್ತು ಹನ್ನೆರಡು ದಿನ ಹಾರ್ಮೋನು ಚುಚ್ಚುಮದ್ದು, ಅರಿವಳಿಕೆ. ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಅಪಾಯ ಬೇರೆ. ಸರೊಗಸಿ ಕಾಯ್ದೆಯಂತೆ ಬಾಡಿಗೆ ತಾಯಿಯೂ ಜೀವಮಾನಕ್ಕೆ ಒಮ್ಮೆ ಮಾತ್ರ. ಇಷ್ಟು ಜನ ಬಡ ಹೆಂಗಸರನ್ನು ಎಲ್ಲಿಂದ ತರುತ್ತಾರೆ ಎಂಬುದು ಊಹಿಸಲಾಗದ ಸಂಗತಿಯಲ್ಲ. ಸ್ನಪ್ಪಿ ನಾಯಿಯನ್ನು ಮಾಡಿದ ಹ್ವಾಂಗ್ ವೂ-ಸುಕ್ ಮಾನವ ಭ್ರೂಣ ಕ್ಲೋನ್ ಮಾಡಿ ಕೋಶಸಾಲು ಪಡೆದೆನೆಂದದ್ದು ಕಟ್ಟುಕತೆ ಎಂದು ಗೊತ್ತಾಗಿ 2006ರಲ್ಲಿ ‘ಸೈನ್ಸ್’ ಪತ್ರಿಕೆ ಆ ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಅದಕ್ಕೆ ಬಳಕೆಯಾದ ಮಾನವ ಅಂಡಾಣು ಎರಡು ಸಾವಿರಕ್ಕೂ ಹೆಚ್ಚು. ಕೊಟ್ಟವರಲ್ಲಿ ಅವರದೇ ಲ್ಯಾಬಿನ ಕಿರಿಯ ಸಂಶೋಧಕಿಯರೂ ಇದ್ದರು.

ಮಗು ಹುಟ್ಟಿಸುವ ಕ್ಲೋನಿಂಗನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಮಾರ್ಗಸೂಚಿ ನಿಷೇಧಿಸುತ್ತದೆ. ಮಾನವ ಭ್ರೂಣವನ್ನು ಲ್ಯಾಬಿನಲ್ಲಿ 14 ದಿನಕ್ಕಿಂತ ಹೆಚ್ಚು ಬೆಳೆಸಲು ಬಿಡುವುದಿಲ್ಲ. ಆದರೆ ಅದು ಮಾರ್ಗಸೂಚಿ, ಸಂಸತ್ತು ಮಾಡಿದ ಕಾನೂನಲ್ಲ. 2005ರಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ಮಾನವ ಕ್ಲೋನಿಂಗಿನ ವಿರುದ್ಧ ಘೋಷಣೆ ಹೊರಡಿಸಿದಾಗ, ಚಿಕಿತ್ಸೆಗಾಗಿ ನಡೆಯುವ ಸಂಶೋಧನೆಗೂ ಬಾಗಿಲು ಮುಚ್ಚುತ್ತದೆಂದು ಭಾರತ ವಿರುದ್ಧ ಮತ ಹಾಕಿತ್ತು. ಆ ನಿಲುವು ಸರಿಯೇ ಇತ್ತು. ಆದರೆ ಮರುವರ್ಷವೇ ಜಪಾನಿನ ಶಿನ್ಯಾ ಯಮನಾಕಾ ಇಲಿಯ ಚರ್ಮದ ಕೋಶವನ್ನು ನಾಲ್ಕು ಜೀನ್‌ಗಳಿಂದ ಮೂಲಸ್ಥಿತಿಗೆ ತಿರುಗಿಸಿದರು, 2007ರಲ್ಲಿ ಮನುಷ್ಯನದನ್ನೂ. ಅಂಡಾಣು ಬೇಡ, ಭ್ರೂಣ ಬೇಡ. ಇದರಿಂದ ಚಿಕಿತ್ಸೆಯ ಹೆಸರಿನ ಕ್ಲೋನಿಂಗಿನ ಅಗತ್ಯ ಬಹುಮಟ್ಟಿಗೆ ತಪ್ಪಿತು. 2012ರ ನೊಬೆಲ್ ಅವರಿಗೂ, 1962ರಲ್ಲೇ ಕಪ್ಪೆಯ ಕ್ಲೋನ್ ಮಾಡಿ ತೋರಿಸಿದ್ದ ಜಾನ್ ಗರ್ಡನ್ ಅವರಿಗೂ ಬಂತು.

ಈ ಗೊಂದಲದಿಂದ ಇವತ್ತೇ ದುಡ್ಡು ಕಳೆದುಕೊಳ್ಳುತ್ತಿರುವವರು ಕ್ಲೋನಿಂಗಿಗೆ ಹೆದರಿದವರಲ್ಲ, ‘ನಿಮ್ಮದೇ ಕೋಶದಿಂದ ಹೊಸ ಅಂಗ’ ಎಂಬ ಮಾತು ನಂಬಿದವರು. ಮುಂಬಯಿ, ಪುಣೆಯಲ್ಲಿ ಸ್ಟೆಮ್ ಸೆಲ್ ಬೋರ್ಡು ಹಾಕಿದ ಕಡೆ ಮಂಡಿನೋವಿನಿಂದ ಹಿಡಿದು ಮಕ್ಕಳ ಆಟಿಸಮ್‌ವರೆಗೆ ಎಲ್ಲಕ್ಕೂ ಮದ್ದಿದೆ ಅನ್ನುತ್ತಾರೆ. ರೂಢಿಯ ಚಿಕಿತ್ಸೆಯೆಂದು ಒಪ್ಪಿಗೆ ಇರುವುದು ರಕ್ತದ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆಯ ಕೋಶಗಳ ಕಸಿಗೆ. ಉಳಿದದ್ದು ಪ್ರಯೋಗವಾಗಿ ಮಾತ್ರ ನಡೆಯಬಹುದು, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಸಹಿ ಹಾಕುವ ಮೊದಲು ಸಿಟಿಆರ್‌ಐ (ದೇಶದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದರ ಜಾಲತಾಣದಲ್ಲಿ ಹುಡುಕಿ, ಆ ಆಸ್ಪತ್ರೆಯ ಹೆಸರು ಮತ್ತು ನಿಮ್ಮ ಕಾಯಿಲೆ ಎರಡೂ ಅಲ್ಲಿವೆಯೇ ನೋಡಿಕೊಳ್ಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೋ ಮರಾಠಿಯಲ್ಲೋ ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡುವುದು ಅವರ ಹೊಣೆ. ಕೊಡದಿದ್ದರೆ ಎದ್ದು ಬನ್ನಿ.

ಇಬ್ಬರು ಓದುಗರು
(ಪಶುವೈದ್ಯರು, ಪುಣೆ, ಭ್ರೂಣ ಪ್ರಯೋಗಾಲಯ ತಜ್ಞರು, ಮುಂಬಯಿ)